ಪುಟಭೇದನ: ನೇತ್ರಾವತೀ ತೀರದ ಪೇಟೆಯೂ ಹಂಚಿನ ಕಾರ್ಖಾನೆಯ ನೆಲವೂ

ಅಮರಕೋಶದ ಪುರವರ್ಗದಲ್ಲಿ ಪಟ್ಟಣವಾಚಕಗಳಾದ ಶಬ್ದಗಳ ನಡುವೆ 'ಪುಟಭೇದನ'ವೆಂಬ ಪದವೊಂದು ಬರುತ್ತದೆ. ಪುಟವೆಂದರೆ ಕಟ್ಟು, ಪೊಟ್ಟಣ, ಮೂಟೆ. ದೂರದಿಂದ ಬಂದ ಮೂಟೆಗಳನ್ನು ಒಡೆದು ಬಿಚ್ಚುವ ಸ್ಥಳವೇ ಪುಟಭೇದನವೆಂದು ವಿದ್ವಾಂಸರು ಈ ಶಬ್ದವನ್ನು ವಿವರಿಸಿರುವರು. ಪಾಲಿ ಭಾಷೆಯ ಮಹಾಪರಿನಿಬ್ಬಾನಸುತ್ತದಲ್ಲಿ ಪಾಟಲಿಪುತ್ರಕ್ಕೂ ಇದೇ ವಿಶೇಷಣವು ದೊರೆತಿದೆ. ಅಂಥ ಪಟ್ಟಣಕ್ಕೆ ಬೆಂಕಿ, ನೀರು, ಒಳಜಗಳ ಎಂಬ ಮೂರು ಭಯಗಳುಂಟೆಂದೂ ಆ ಗ್ರಂಥದಲ್ಲಿ ಹೇಳಿದೆ. ಈ ಮೂರರ ಜತೆಗೆ ನಾಲ್ಕನೆಯದೊಂದನ್ನು ಸೇರಿಸಬೇಕಾಗಿದೆ. ಅದು ದಾರಿಯ ಪಲ್ಲಟ. ಸರಕೂ ಜನರೂ ಬರುವ ಹಾದಿಯು ಬೇರೆಡೆಗೆ ತಿರುಗಿತೆಂದರೆ, ಬೆಂಕಿ ಬೀಳದೆ ನೀರು ನುಗ್ಗದೆ ಪಟ್ಟಣವು ಬರಿದಾಗುವುದು. ತುಳುನಾಡಿನಲ್ಲಿ ಇದಕ್ಕೆ ಬಂಟ್ವಾಳಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಕಾಣುವುದು ಕಷ್ಟ. ಕೆಲಸ ನಿಂತುಹೋದ ಕಾರ್ಖಾನೆಗಳ ನೆಲದಲ್ಲಿ ಹೊಸ ಕೇರಿಗಳನ್ನು ನೆಲೆಗೊಳಿಸಬೇಕೆಂಬ ವಿಚಾರವು ಈಗ ದೇಶದಲ್ಲೆಲ್ಲ ನಡೆಯುತ್ತಿರುವುದರಿಂದ, ಈ ನಿದರ್ಶನವನ್ನು ಆಮೂಲಾಗ್ರವಾಗಿ ಪರಿಶೀಲಿಸುವುದು ಯುಕ್ತವಾಗಿದೆ.

೧. ಹಳೆಯ ಪೇಟೆ

ಬಂಟ್ವಾಳದ ಹಳೆಯ ಪೇಟೆಯು ನೇತ್ರಾವತಿಯ ಬಲದಂಡೆಯಲ್ಲಿದೆ. ಹೊಳೆಯ ಎದುರುದಂಡೆಯಲ್ಲಿ ಪಾಣೆಮಂಗಳೂರು. ಪಡುವಲಿಗೆ ಸುಮಾರು ೨೫ ಕಿಲೋಮೀಟರು ದೂರದಲ್ಲಿ ಮಂಗಳೂರಿನ ಬಂದರ. ಮೂಡಲಿಗೆ ಬೆಳ್ತಂಗಡಿಯನ್ನು ಹಾದು ಹೋಗುವ ಹಾದಿಯು ಚಾರ್ಮಾಡಿಯ ಘಟ್ಟವನ್ನೇರಿ ಮಲೆನಾಡನ್ನು ಸೇರುತ್ತದೆ. ಘಟ್ಟದ ಮೇಲಿನಿಂದ ಎತ್ತಿನ ಹೇರಾಗಿಯೂ ತಲೆಹೊರೆಯಾಗಿಯೂ ಇಳಿದ ಸರಕನ್ನು ಇಲ್ಲಿ ಬಿಚ್ಚಿ ದೋಣಿಗಳಿಗೆ ತುಂಬುತ್ತಿದ್ದರು. ಬಂದರದಿಂದ ಬಂದ ಉಪ್ಪು, ಒಣಮೀನು ಮೊದಲಾದವನ್ನು ದೋಣಿಗಳಿಂದಿಳಿಸಿ ಎತ್ತುಗಳ ಬೆನ್ನಿಗೇರಿಸುತ್ತಿದ್ದರು. ನೆಲದ ಹಾದಿಯು ಜಲದ ಹಾದಿಯನ್ನು ಕೂಡುವ ಈ ಒಂದು ಬಿಂದುವೇ ಪೇಟೆಯ ಹುಟ್ಟಿಗೆ ಕಾರಣ. ಟಿಪ್ಪುವಿನ ಪತನಾನಂತರ ೧೮೦೧ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಹಿಡಿದುದೂ ಇಂಥ ಹಾದಿಗಳನ್ನೇ. ೧೮೩೭ರಲ್ಲಿ ಸುಳ್ಯದ ಕಡೆಯಿಂದ ಹೊರಟ ಕಲ್ಯಾಣಪ್ಪನ ದಂಡು ಮಂಗಳೂರನ್ನು ಮುಟ್ಟಿದುದೂ ಬಂಟ್ವಾಳದ ಮೇಲಣ ದಾರಿಯಿಂದಲೇ.

ಇಂಥ ಪೇಟೆಯ ರಚನೆಯು ಅದರ ಸಂಚಾರಕ್ರಮವನ್ನೇ ಅನುಸರಿಸಿರುತ್ತದೆ. ಹೊಳೆಯ ಬದಿಯಲ್ಲಿ ಕಡವು. ಹೊಳೆಗೆ ಸಮೀಪವಾಗಿಯೇ ತಿರುಮಲ ವೆಂಕಟರಮಣನ ದೇವಾಲಯ. ಬೀದಿಯ ಎರಡು ಕಡೆಗಳಲ್ಲಿಯೂ ಅಂಗಡಿ. ಅಂಗಡಿಯ ಹಿಂದೆಯೋ ಮೇಲೆಯೋ ವಾಸದ ಮನೆ. ವ್ಯಾಪಾರಿಯೂ ಹೊರೆಯಾಳೂ ದೋಣಿಯವನೂ ಪರಸ್ಪರ ಕೂಗಳತೆಯಲ್ಲಿ ಬಾಳುತ್ತಿದ್ದರು. ಜಾತಿಭೇದವು ಮನೆಗಳನ್ನು ಬೇರ್ಪಡಿಸಿದ್ದರೂ ದೂರವು ಬೇರ್ಪಡಿಸಿರಲಿಲ್ಲ. ಪಂಜೆ ಮಂಗೇಶರಾಯರು ೧೮೭೪ರಲ್ಲಿ ಹುಟ್ಟಿದುದು ಈ ಪೇಟೆಯಲ್ಲಿ.

ಮೂಡುಬಿದಿರೆಯಲ್ಲಿಯೂ ಇದೇ ತತ್ತ್ವವು ಬೇರೊಂದು ರೂಪದಲ್ಲಿ ತೋರುತ್ತದೆ. ಅಲ್ಲಿ ಹೊಳೆಯಿಲ್ಲ, ಊರನ್ನು ಕೂಡಿಸಿದವು ಬಸದಿಗಳೂ ಕೆರೆಗಳೂ. ಕ್ರಿ. ಶ. ೧೪೩೦ರಲ್ಲಿ ನಿರ್ಮಿತವಾದ ಸಾವಿರ ಕಂಬದ ಬಸದಿಯನ್ನೊಳಗೊಂಡು ಹದಿನೆಂಟು ಬಸದಿಗಳು ಕಾಲ್ನಡಿಗೆಯ ಅಳತೆಯೊಳಗೆ ನೆಲೆಸಿವೆ. ತುಳುನಾಡಿನ ಶಾಸನಗಳಲ್ಲಿ ಕಾಣಬರುವ ಹಲರು, ಸೆಟ್ಟಿಕಾರರು ಮೊದಲಾದ ವರ್ತಕಸಮೂಹಗಳು ಇಂಥ ಊರುಗಳಲ್ಲಿ ವ್ಯಾಪಾರವನ್ನು ಮಾತ್ರವೇ ಅಲ್ಲದೆ ಊರಿನ ಧರ್ಮಕಾರ್ಯಗಳನ್ನೂ ವಹಿಸಿಕೊಂಡಿದ್ದವು. ಬೀದಿಯು ಅಂಗಡಿಗೆ ಹೋಗುವ ದಾರಿಯೂ ಹೌದು, ಸಭೆ ಸೇರುವ ಎಡೆಯೂ ಹೌದು.

೨. ಹಂಚಿನ ಕಾರ್ಖಾನೆ

ಇನ್ನು ಈ ಹೊಳೆಯ ದಂಡೆಗೆ ಯಂತ್ರೋದ್ಯಮವು ಬಂದ ಬಗೆಯನ್ನು ನೋಡಬಹುದು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಇದರ ಮುಖ್ಯ ಪ್ರವರ್ತಕನು ಜರ್ಮನಿಯ ಜಾರ್ಜ್ ಪ್ಲೆಬ್ಸ್ಟ್. ಒಂದಕ್ಕೊಂದು ಕಚ್ಚಿ ಕೂರುವ ಹಂಚಿನ ಮಾದರಿಯನ್ನು ಅದಕ್ಕೆ ಹಿಂದೆಯೇ, ೧೮೪೧ರಲ್ಲಿ, ಆಲ್ಸೇಸ್ ಪ್ರಾಂತದ ಜಿಲಾರ್ಡೋನಿ ಸಹೋದರರು ರೂಪಿಸಿದ್ದರು. ಮಿಶನ್ನಿನ ಕಾರ್ಖಾನೆಯಾದ ಮೂರು ವರ್ಷಗಳಿಗೆ, ೧೮೬೮ರಲ್ಲಿ, ಪಾಸ್ಕಲ್ ಅಲೆಕ್ಸಾಂಡರ್ ಆಲ್ಬುಕರ್ಕರು ಪಾಣೆಮಂಗಳೂರಿನಲ್ಲಿ ಕಾರ್ಖಾನೆಯೊಂದನ್ನು ತೆರೆದರೆಂದೂ, ಈ ಬಗೆಯ ಹಂಚನ್ನು ಮಾಡಿದ ದೇಶೀಯರ ಕಾರ್ಖಾನೆಗಳಲ್ಲಿ ಅದೇ ಮೊದಲನೆಯದೆಂದೂ ಪ್ರಸಿದ್ಧಿಯಿದೆ. ೧೯೦೦ರ ಸುಮಾರಿಗೆ ಮಂಗಳೂರಿನ ಸುತ್ತಮುತ್ತ ಇಪ್ಪತ್ತೈದರಷ್ಟು ಕಾರ್ಖಾನೆಗಳಾಗಿದ್ದವು.

ಈ ಉದ್ಯಮವು ಹೊಳೆಯ ದಂಡೆಯನ್ನೇ ಆಶ್ರಯಿಸಿದುದು ಆಕಸ್ಮಿಕವಲ್ಲ. ಹಂಚಿಗೆ ಬೇಕಾದ ಜಿಗುಟಾದ ಆವೆಮಣ್ಣು ನೇತ್ರಾವತಿ, ಗುರುಪುರ ಹೊಳೆಗಳ ಬದಿಯ ಗದ್ದೆಬೈಲುಗಳಲ್ಲಿ ದೊರೆಯುತ್ತಿದ್ದಿತು. ಅದನ್ನು ದೋಣಿಯಲ್ಲಿ ತರಬೇಕು, ಹದಮಾಡಿ ಅಚ್ಚಿನ ಯಂತ್ರದಲ್ಲಿ ಒತ್ತಬೇಕು, ನೆರಳಿನಲ್ಲಿ ಒಣಗಿಸಬೇಕು, ಗೂಡಿನಲ್ಲಿಟ್ಟು ಹಲವು ದಿನ ಸುಡಬೇಕು. ಸುಡುವುದಕ್ಕೆ ಬೇಕಾದ ಸೌದೆಯನ್ನು ಮೇಲಣ ಕಾಡುಗಳಿಂದ ಹೊಳೆಯ ಮಾರ್ಗವಾಗಿ ತರುವುದು ಸುಲಭ. ಸುಟ್ಟ ಹಂಚನ್ನು ಬಂದರಕ್ಕೆ ಸಾಗಿಸಿ ಹಡಗಿಗೇರಿಸುವುದಕ್ಕೂ ಅದೇ ಮಾರ್ಗ. ಮುಳಿಹುಲ್ಲಿನ ಮಾಡುಗಳಿದ್ದ ಈ ನಾಡಿನ ಮನೆಗಳಿಗೆ ಕೆಂಪು ಹಂಚು ಬಂದುದು ಹೀಗೆ. ಪುಟಭೇದನದ ಕೆಲಸವನ್ನು ಕಾರ್ಖಾನೆಯು ಕೆಡಿಸಲಿಲ್ಲ, ಅದನ್ನೇ ಮುಂದುವರಿಸಿತು.

ಆಳುಗಳ ವಿಷಯದಲ್ಲಿಯೂ ಇದೇ ಮಾತು. ಮತಾಂತರ ಹೊಂದಿ ತಮ್ಮ ಕುಲದ ಕಸುಬನ್ನೂ ಒಕ್ಕಲುತನವನ್ನೂ ಕಳೆದುಕೊಂಡವರಿಗೆ ಜೀವನೋಪಾಯವನ್ನು ಒದಗಿಸುವುದು ಮಿಶನ್ನಿನವರ ಉದ್ದೇಶಗಳಲ್ಲೊಂದಾಗಿದ್ದಿತು. ಬರಬರುತ್ತ ಕಾರ್ಖಾನೆಗಳ ಸುತ್ತಲೂ ಎಲ್ಲ ಮತದವರ ಕೇರಿಗಳೂ ಬೆಳೆದವು. ಹಂಚನ್ನು ಹೊರುವ, ಅಡುಕುವ ಕೆಲಸಗಳಲ್ಲಿ ಹೆಂಗಸರೂ ಬಹುಸಂಖ್ಯೆಯಲ್ಲಿದ್ದರು. ಸೀಟಿ ಊದಿದೊಡನೆ ನಡೆದುಕೊಂಡು ಬಂದು ಕೆಲಸಕ್ಕೆ ನಿಲ್ಲುವಷ್ಟು ಸಮೀಪದಲ್ಲಿ ವಾಸ. ನಡುಹಗಲಿನಲ್ಲಿ ಮನೆಗೆ ಹೋಗಿ ಗಂಜಿಯುಂಡು ಬರಬಹುದಾದಷ್ಟು ಸಮೀಪದಲ್ಲಿ ಒಲೆ. ಆ ಕೇರಿಗಳಲ್ಲಿ ಸೌಖ್ಯವಿತ್ತೆಂದು ಹೇಳುವಂತಿಲ್ಲ. ಗೂಡಿನ ಹೊಗೆಯೂ ಅಲ್ಪವೇತನವೂ ಅಲ್ಲಿದ್ದವು. ಆದರೆ ಕೆಲಸಕ್ಕೂ ವಾಸಕ್ಕೂ ನಡುವೆ ವಾಹನವೊಂದರ ಅವಶ್ಯಕತೆಯಿರಲಿಲ್ಲವೆಂಬುದು ಗಮನಾರ್ಹ.

೩. ದಾರಿಯ ಪಲ್ಲಟ

೧೯೦೭ರಲ್ಲಿ ಶೊರನೂರಿನ ಕಡೆಯಿಂದ ರೈಲುದಾರಿಯು ಮಂಗಳೂರನ್ನು ಸೇರಿತು. ಅನಂತರದ ದಶಕದಲ್ಲಿ ಪಾಣೆಮಂಗಳೂರಿನಲ್ಲಿ ನೇತ್ರಾವತಿಗೆ ಉಕ್ಕಿನ ಸೇತುವೆಯಾಯಿತು. ಕಡವಿನಲ್ಲಿ ದೋಣಿಗಾಗಿ ಕಾಯುತ್ತಿದ್ದ ಸರಕು ನಿಲ್ಲದೆ ದಾಟತೊಡಗಿತು. ನಿಲ್ಲದ ಸರಕಿಗೆ ಪೇಟೆಯೇಕೆ? ೧೯೨೩ರ ಮಳೆಗಾಲದಲ್ಲಿ ತುಳುವರು 'ಮಾರಿಬೊಳ್ಳ'ವೆಂದು ನೆನೆಯುವ ಮಹಾಪ್ರವಾಹವು ಈ ದಂಡೆಯ ಊರುಗಳನ್ನು ಮುಳುಗಿಸಿತು. ೧೯೭೪ರಲ್ಲಿ ಮತ್ತೊಂದು ದೊಡ್ಡ ನೆರೆ ಬಂದಿತು. ನೆರೆಯು ಇಳಿದ ಮೇಲೆ ಊರು ಮತ್ತೆ ಎದ್ದು ನಿಲ್ಲಬಲ್ಲುದು. ಆದರೆ ತಿರುಗಿದ ದಾರಿಯು ಹಿಂತಿರುಗುವುದಿಲ್ಲ.

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಿಂದ ಬಂಟ್ವಾಳದ ಕಡೆಗೆ ದಾರಿ ಕವಲೊಡೆಯುವ ಎಡೆಗೆ ಬಂಟ್ವಾಳ ಕ್ರಾಸ್ ರೋಡ್ ಎಂದು ಹೆಸರಾಯಿತು; ಅದೇ ಈಗ ಬಿ. ಸಿ. ರೋಡು. ಕನ್ನಡದಲ್ಲಿ ಅದನ್ನು ಜೋಡುಮಾರ್ಗವೆನ್ನುವರು. ಹೆಸರೇ ಇತಿಹಾಸವನ್ನು ಹೇಳುತ್ತದೆ: ಹಳೆಯ ಊರಿಗೆ ಹೆಸರು ಕೊಟ್ಟುದು ನೆಲ, ಹೊಸ ಊರಿಗೆ ಹೆಸರು ಕೊಟ್ಟುದು ರಸ್ತೆ. ಮಂಗಳೂರು–ಹಾಸನದ ರೈಲುದಾರಿಯು ೧೯೭೯ರಲ್ಲಿ ಪೂರ್ತಿಯಾದಾಗ 'ಬಂಟ್ವಾಳ'ವೆಂಬ ಹೆಸರನ್ನು ಹೊತ್ತ ನಿಲ್ದಾಣವು ನೆಲೆಗೊಂಡುದೂ ಹಳೆಯ ಪೇಟೆಯಲ್ಲಲ್ಲ, ಬಿ. ಸಿ. ರೋಡಿನ ಬಳಿಯಲ್ಲಿ. ತಾಲೂಕಿನ ಜೀವವೆಲ್ಲ ಕ್ರಮೇಣ ಅಲ್ಲಿಗೆ ಸರಿಯಿತು. ಹಳೆಯ ಪೇಟೆಯಲ್ಲಿ ಮನುಷ್ಯನ ಹೆಜ್ಜೆಯೇ ಬೀದಿಯ ಅಳತೆಯಾಗಿದ್ದಿತು. ಹೊಸ ಪೇಟೆಯಲ್ಲಿ ಗಾಡಿಯ ಗಾಲಿಯು ಅಳತೆಯಾಯಿತು. ಹೆದ್ದಾರಿಯು ಅಗಲವಾದಷ್ಟೂ ಅದನ್ನು ದಾಟುವ ಪಾದಚಾರಿಯ ಪಾಡು ಕಷ್ಟತರವಾಗುವುದು ಸಹಜವಷ್ಟೆ.

ಕಾರ್ಖಾನೆಗಳ ಕಥೆಯೂ ಬೇರೆಯಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬಾಸೆಲ್ ಮಿಶನ್ನಿನ ಉದ್ಯಮಗಳು ಸರಕಾರದ ವಶವಾಗಿ, ೧೯೧೯ರಲ್ಲಿ ಹೊಸದಾಗಿ ಏರ್ಪಟ್ಟ ಕಾಮನ್‌ವೆಲ್ತ್ ಟ್ರಸ್ಟಿಗೆ ಸಂದವು. ಉದ್ಯಮವು ಮುಂದೆಯೂ ಬಹುಕಾಲ ಬಾಳಿತಾದರೂ, ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಾಂಕ್ರೀಟಿನ ತಾರಸಿಯು ಹಂಚಿನ ಮಾಡಿನ ಸ್ಥಾನವನ್ನು ಆಕ್ರಮಿಸಿತು; ಆವೆಮಣ್ಣು ದುರ್ಲಭವಾಯಿತು; ಸೌದೆಯ ಬೆಲೆಯೇರಿತು. ಒಂದರ ಮೇಲೊಂದರಂತೆ ಗೂಡುಗಳು ಆರಿದವು. ಹಂಚಿಗೆ ಬೆಲೆ ಹೋದಾಗ ನೆಲಕ್ಕೆ ಬೆಲೆ ಬಂದಿತು. ಮಂಗಳೂರಿನಲ್ಲಿ ಅನೇಕ ಕಾರ್ಖಾನೆಗಳ ನೆಲದಲ್ಲಿ ಬಹುಮಹಡಿಯ ವಸತಿಗಳು ಎದ್ದವು.

೪. ಹೊಸ ನಿವೇಶತತ್ತ್ವ

ಈ ನೆಲಗಳ ಪುನರ್ನಿವೇಶನಕ್ಕೆ ಸಂಬಂಧಿಸಿದಂತೆ ಭಾರತ ಸರಕಾರವು ೨೦೧೭ರಲ್ಲಿ ನೀತಿಯೊಂದನ್ನು ಪ್ರಕಟಿಸಿತು. ರೈಲು, ಮೆಟ್ರೋ, ಬಸ್ಸುಗಳ ನಿಲ್ದಾಣದ ಸುತ್ತಲೂ ೫೦೦ರಿಂದ ೮೦೦ ಮೀಟರುಗಳ, ಎಂದರೆ ಐದು ಹತ್ತು ನಿಮಿಷಗಳ ನಡಿಗೆಯ ಆವರಣದಲ್ಲಿ ವಾಸ, ವ್ಯಾಪಾರ, ಉದ್ಯೋಗಗಳನ್ನು ದಟ್ಟವಾಗಿ ಕೂಡಿಸಬೇಕು. ಎಲ್ಲ ಆದಾಯದವರಿಗೂ ಅಲ್ಲಿ ಮನೆ ದೊರೆಯಬೇಕು. ಪಾದಚಾರಿಗೆ ಪ್ರಥಮಸ್ಥಾನವಿರಬೇಕು ಎಂಬುದು ಅದರ ಸಾರ. ಇದನ್ನು ಸಂಚಾರಾಶ್ರಿತ ನಿವೇಶವೆಂದು ಕರೆಯಬಹುದು. ಪುಟಭೇದನದ ಲಕ್ಷಣವನ್ನು ಬಲ್ಲವನಿಗೆ ಇದರಲ್ಲಿ ಅಪೂರ್ವವಾದುದೇನೂ ಕಾಣದು. ಕಡವಿನ ಸುತ್ತ ಬಂಟ್ವಾಳವು ಬೆಳೆದುದು ಈ ನ್ಯಾಯದಿಂದಲೇ. ಕಡವಿದ್ದ ಎಡೆಯಲ್ಲಿ ಈಗ ನಿಲ್ದಾಣವನ್ನು ಇಟ್ಟಿರುವರು. ಆದರೆ ತತ್ತ್ವವು ಹಳೆಯದಾದ ಮಾತ್ರಕ್ಕೆ ಆಚರಣೆಯು ಸುಲಭವಾಗದು. ಅದಕ್ಕೆ ಎರಡು ನಗರಗಳ ಅನುಭವವು ಸಾಕ್ಷಿ.

ಬೆಂಗಳೂರಿನ ಮಲ್ಲೇಶ್ವರದ ಅಂಚಿನಲ್ಲಿ ಹತ್ತೊಂಬತ್ತನೆಯ ಶತಮಾನದ ಒಂಬತ್ತನೆಯ ದಶಕದಲ್ಲಿ ನೂಲುವ ಗಿರಣಿಯೊಂದು ಸ್ಥಾಪಿತವಾಯಿತು. ಜನರು ಅದನ್ನು ರಾಜಾ ಮಿಲ್ ಎಂದು ಕರೆದರು. ಗಿರಣಿಯು ನಿಂತ ಮೇಲೆ ಆ ನೆಲದಲ್ಲಿ ವಿಶಾಲವಾದ ಮಾರಾಟಸೌಧವೂ ವಾಸದ ಮಹಡಿಗಳೂ ಎದ್ದವು. ಸೌಧವು ತೆರೆದುದು ೨೦೧೦ರಲ್ಲಿ. ೨೦೧೪ರ ಮಾರ್ಚಿ ೧ರಂದು ಅದರ ಮಗ್ಗುಲಲ್ಲಿಯೇ ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣವು ಆರಂಭವಾಯಿತು. ಕಾರ್ಖಾನೆಯ ನೆಲವು ನಿಲ್ದಾಣದೊಡನೆ ಕೂಡಿದ ಉದಾಹರಣೆಗಳಲ್ಲಿ ಕರ್ಣಾಟಕಕ್ಕೆ ಇದು ಮುಖ್ಯವಾದುದು. ರೈಲಿಳಿದವನು ನಡೆದೇ ಅಂಗಡಿಯನ್ನೂ ಮಲ್ಲೇಶ್ವರದ ಹಳೆಯ ಬೀದಿಗಳನ್ನೂ ಸೇರಬಲ್ಲನು. ಆದರೆ ಇಲ್ಲಿ ಸೌಧವು ಮೊದಲು, ನಿಲ್ದಾಣವು ಅನಂತರ. ಸಂಚಾರವನ್ನು ಆಧಾರವಾಗಿಟ್ಟು ನಿವೇಶವನ್ನು ಮಾಡಿದುದಲ್ಲ. ಆಗಿದ್ದ ನಿವೇಶದ ಬಳಿಗೆ ಸಂಚಾರವು ಬಂದುದು. ಗಿರಣಿಯಲ್ಲಿ ದುಡಿದ ವರ್ಗದವರಿಗೆ ಆ ನೆಲದಲ್ಲಿ ನೆಲೆಯಿರಬೇಕೆಂಬ ಅಂಶವು ಈ ಕ್ರಮದಲ್ಲಿ ವಿಚಾರಕ್ಕೇ ಬರುವುದಿಲ್ಲ.

ಮುಂಬಯಿಯ ಅನುಭವವು ಇನ್ನೂ ಬೋಧಕವಾದುದು. ತುಳುನಾಡಿಗೆ ಅದು ಪರಕೀಯವೂ ಅಲ್ಲ. ಈ ಜಿಲ್ಲೆಯಿಂದ ಹೋದ ಸಹಸ್ರಾರು ಮಂದಿ ಅಲ್ಲಿ ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಕನ್ನಡವನ್ನು ಕಲಿತು ಬಾಳಿದವರು. ಪರೇಲ್, ಲಾಲ್‌ಬಾಗ್‌ಗಳ ಗಿರಣಿಗಳ ಊರಿನಲ್ಲಿ ೧೯೮೨ರ ಮಹಾಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ನಿಂತವು. ಅವುಗಳ ನೆಲವು ಸುಮಾರು ೬೦೦ ಎಕರೆ. ೧೯೯೧ರ ನಿಯಮದಂತೆ ಈ ನೆಲವನ್ನು ಹೊಸದಾಗಿ ಕಟ್ಟುವಾಗ ಸ್ಥೂಲವಾಗಿ ಮೂರರಲ್ಲೊಂದು ಪಾಲು ಬಯಲಿಗೆ, ಒಂದು ಪಾಲು ಸಾಮಾನ್ಯರ ಮನೆಗಳಿಗೆ, ಉಳಿದುದು ಒಡೆಯರಿಗೆ ಎಂದು ವಿಭಾಗವಾಗಿದ್ದಿತು. ೨೦೦೧ರ ತಿದ್ದುಪಡಿಯಿಂದ ಈ ಹಂಚಿಕೆಯು ಕಟ್ಟಡವಿಲ್ಲದ ಬರಿಯ ನೆಲಕ್ಕೆ ಮಾತ್ರ ಅನ್ವಯಿಸುವಂತಾಯಿತು. ಗಿರಣಿಯ ನೆಲದ ಬಹುಭಾಗದಲ್ಲಿ ಕಟ್ಟಡಗಳೇ ಇದ್ದುದರಿಂದ ಸಾರ್ವಜನಿಕರ ಪಾಲು ಬಹಳವಾಗಿ ಕುಗ್ಗಿತು. ವ್ಯಾಜ್ಯವು ನಡೆದು, ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಿದ್ದುಪಡಿಯನ್ನೇ ಎತ್ತಿಹಿಡಿಯಿತು.

ಇದರ ಫಲವನ್ನು ಕಚೇರಿಯ ಕಡತಗಳಲ್ಲಿ ಹುಡುಕಬೇಕಾಗಿಲ್ಲ. ಗಿರಣಿಗಳ ನೆಲದಲ್ಲಿ ಕಚೇರಿಗಳ ಗೋಪುರಗಳೆದ್ದವು. ರೈಲುನಿಲ್ದಾಣಗಳು ಸಮೀಪದಲ್ಲಿಯೇ ಇದ್ದವು. ನಡಿಗೆಯ ದೂರವೆಂಬ ಲಕ್ಷಣವೂ ಸರಿಯಾಗಿಯೇ ಇದ್ದಿತು. ಆದರೆ ಬಟ್ಟೆಯ ಗಿರಣಿಗಳ ಕಾಲದ ನಿಲ್ದಾಣದ ಕಿರಿದಾದ ಸೇತುವೆಯನ್ನು ಹೊಸ ಜನಸ್ತೋಮಕ್ಕೆ ತಕ್ಕಂತೆ ಹಿಗ್ಗಿಸಲಿಲ್ಲ. ೨೦೧೭ರ ಸಪ್ಟಂಬರ್ ೨೯ರ ಬೆಳಗ್ಗೆ, ಮಳೆಯ ಹೊತ್ತಿನಲ್ಲಿ, ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿಗಳ ಸೇತುವೆಯ ಮೇಲೆ ನೂಕುನುಗ್ಗಲಾಗಿ ೨೩ ಮಂದಿ ಮಡಿದರು. ಅವರು ಕೆಲಸಕ್ಕೆ ನಡೆದುಹೋಗುತ್ತಿದ್ದವರು. ಸಂಚಾರಾಶ್ರಿತ ನಿವೇಶವೆಂಬುದು ನಿಲ್ದಾಣದ ಬಳಿ ಕಟ್ಟಡವನ್ನು ಕಟ್ಟುವುದೇ ಆಗಿದ್ದರೆ ಅಲ್ಲಿ ಯಾವ ಕೊರತೆಯೂ ಇರಲಿಲ್ಲ. ಇಲ್ಲವಾದುದು ಎರಡರ ನಡುವಣ ದಾರಿ.

೫. ದಾರಿಯ ಧರ್ಮ

ದಾರಿಯ ವಿಷಯದಲ್ಲಿ ಪ್ರಾಚೀನರ ಅಭಿಪ್ರಾಯವು ಇಲ್ಲಿ ಸ್ಮರಣಾರ್ಹವಾಗಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಸಂಪಾದಿಸಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ದುರ್ಗನಿವೇಶವೆಂಬ ಪ್ರಕರಣವುಂಟು. ಅದರಲ್ಲಿ ಮೂಡುಪಡುವಲಾಗಿ ಮೂರು, ತೆಂಕುಬಡಗಲಾಗಿ ಮೂರು ರಾಜಮಾರ್ಗಗಳನ್ನು ಮೊದಲು ಗುರುತಿಸಿ, ಅನಂತರವೇ ಯಾರ ಮನೆಗಳು ಎಲ್ಲಿ ಎಂಬುದನ್ನು ವಿಧಿಸಿರುವುದು. ದಾರಿಯು ಪೂರ್ವ, ಮನೆಯು ಪರ ಎಂಬ ಈ ಕ್ರಮವೇ ಮುಖ್ಯವಾದುದು. ಅದೇ ಗ್ರಂಥದ ಮೂರನೆಯ ಅಧಿಕರಣದಲ್ಲಿ ದಾರಿಯನ್ನು ತಡೆದವನಿಗೆ ದಂಡವನ್ನು ವಿಧಿಸುವಾಗ ಮೊತ್ತಮೊದಲು ಹೇಳಿರುವುದು ರಥದ ದಾರಿಯನ್ನಲ್ಲ, ಸಣ್ಣ ಪಶುಗಳೂ ಮನುಷ್ಯರೂ ನಡೆಯುವ ಕಾಲುದಾರಿಯನ್ನು; ಅದನ್ನು ತಡೆದವನಿಗೆ ೧೨ ಪಣ ದಂಡ. ದೊಡ್ಡ ಪಶುಗಳ ದಾರಿಗಾದರೆ ೨೪ ಪಣ. ದಂಡದ ಮೊತ್ತದಲ್ಲಿ ಕಾಲುದಾರಿಯು ಕಿರಿದಾದರೂ, ಅದಕ್ಕೂ ಶಾಸ್ತ್ರದ ರಕ್ಷೆಯಿದ್ದಿತೆಂಬುದು ಇದರಿಂದ ಸಿದ್ಧವಾಗುತ್ತದೆ.

ಮೇಲಣ ವಿಚಾರದಿಂದ ಹಂಚಿನ ಕಾರ್ಖಾನೆಗಳ ನೆಲಕ್ಕೆ ಅನ್ವಯಿಸುವ ಮೂರು ಪರೀಕ್ಷೆಗಳು ಫಲಿಸುತ್ತವೆ. ಒಂದನೆಯದು ದಾರಿ. ಕಾರ್ಖಾನೆಯ ನೆಲವು ಗೋಡೆಯೊಳಗಿನ ನೆಲ. ಗೂಡು ಆರಿ ಗೋಡೆ ಉಳಿದರೆ, ಒಳಗೆ ಎಂಥ ವಸತಿಯೆದ್ದರೂ ಊರಿಗೆ ದಾರಿಯಾಗದು. ಹೊಳೆಯ ದಂಡೆಗೂ ನಿಲ್ದಾಣಕ್ಕೂ ಆ ನೆಲದ ನಡುವೆ ಎಲ್ಲರೂ ನಡೆಯಬಹುದಾದ ಹಾದಿಯು ಮೊದಲೇ ಗೊತ್ತಾಗಿರಬೇಕು. ೨೦೧೬ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೇಲೆ ನೇತ್ರಾವತಿಯ ದಂಡೆಯಲ್ಲಿ ಕಾಲ್ನಡಿಗೆಯ ಹಾದಿಯನ್ನು ಮಾಡುವ ಕೆಲಸವನ್ನು ಕೈಗೊಂಡುದು ಈ ದೃಷ್ಟಿಯಿಂದ ಗಣನೀಯ. ಆದರೆ ಅದು ವಿಹಾರದ ಹಾದಿ ಮಾತ್ರವಾಗದೆ, ಮನೆಯಿಂದ ಕೆಲಸಕ್ಕೂ ರೈಲಿಗೂ ಹೋಗುವ ಹಾದಿಯಾದಾಗ ಪೂರ್ಣವಾಗುವುದು.

ಎರಡನೆಯದು ಜನ. ಕಾರ್ಖಾನೆಯ ಕೇರಿಯಲ್ಲಿ ಹೊರೆಯಾಳಿಗೆ ನೆಲೆಯಿದ್ದಿತು. ಹೊಸ ಕೇರಿಯಲ್ಲಿ ಮನೆಗೆಲಸದವಳೂ ಬಸ್ಸಿನ ಕಂಡಕ್ಟರನೂ ಶಾಲೆಯ ಉಪಾಧ್ಯಾಯನೂ ನಡಿಗೆಯ ದೂರದಲ್ಲಿ ವಾಸಿಸಲಾರದೆ ಹೋದರೆ, ನಿಲ್ದಾಣವು ಯಾರಿಗಾಗಿ ಎಂಬ ಪ್ರಶ್ನೆ ಏಳುವುದು. ನಿಲ್ದಾಣದ ಬಳಿಯಲ್ಲಿದ್ದು ಮೋಟಾರಿನಲ್ಲಿ ಹೋಗುವವನಿಂದ ರೈಲಿಗೆ ಪ್ರಯೋಜನವಿಲ್ಲ. ಈ ಪಾಲನ್ನು ನೆಲದ ಬೆಲೆ ಏರುವ ಮುಂಚೆಯೇ ಗೊತ್ತುಪಡಿಸಬೇಕೆಂಬುದನ್ನೂ, ಗೊತ್ತುಪಡಿಸಿದುದನ್ನು ಬದಲಿಸದಿರಬೇಕೆಂಬುದನ್ನೂ ಮುಂಬಯಿಯು ಕಲಿಸಿದೆ.

ಮೂರನೆಯದು ನೀರು. ದೋಣಿಗಾಗಿ ಆರಿಸಿದ ನೆಲವು ನೆರೆಗೂ ಸಮೀಪವಾದುದು. ಹೊಳೆಯ ಉಪಕಾರವು ನಿಂತಿದೆ. ಬಂಟ್ವಾಳಕ್ಕೂ ಬಂದರಕ್ಕೂ ನಡುವೆ ತುಂಬೆಯಲ್ಲಿ ಮಂಗಳೂರಿನ ಕುಡಿಯುವ ನೀರಿಗಾಗಿ ಕಟ್ಟಿದ ಕಿಂಡಿ ಅಣೆಕಟ್ಟಿರುವುದರಿಂದ ಹಿಂದಿನ ದೋಣಿಯ ಮಾರ್ಗವು ಇದ್ದಂತೆಯೇ ಮರಳಿ ಬಾರದು. ಆದರೆ ಹೊಳೆಯ ಭಯವು ನಿಂತಿಲ್ಲ. ೧೯೨೩ರ ಹಾಗೂ ೧೯೭೪ರ ನೀರಿನ ಮಟ್ಟವನ್ನು ಮರೆತು ದಂಡೆಯಲ್ಲಿ ಜನರನ್ನು ದಟ್ಟವಾಗಿ ನೆಲೆಗೊಳಿಸುವುದು ವಿವೇಕವಲ್ಲ. ನೆರೆಯ ನೀರಿಗೆ ಬಿಟ್ಟ ಬಯಲೇ ಬೇಸಗೆಯಲ್ಲಿ ಜನರ ಬಯಲೂ ಆಗಬಹುದು.

ಬಂಟ್ವಾಳದ ಹಳೆಯ ಪೇಟೆಯಲ್ಲಿ ದೇವಾಲಯವಿದೆ, ಬೀದಿಯಿದೆ, ಹೊಳೆಯಿದೆ. ಕೆಲವು ಮೈಲುಗಳೊಳಗೆ ರೈಲುನಿಲ್ದಾಣವೂ ಬಸ್ಸುಗಳ ಕೂಡುದಾಣವೂ ಇವೆ. ಒಂದು ಪುಟಭೇದನಕ್ಕೆ ಬೇಕಾದ ಅಂಗಗಳೆಲ್ಲ ಬಿಡಿಬಿಡಿಯಾಗಿ ಬಿದ್ದಿವೆ. ಅವನ್ನು ಕೂಡಿಸುವ ಸೂತ್ರವೊಂದೇ ಕಡಿದುಹೋಗಿದೆ. ಹಳೆಯ ಪೇಟೆಯಿಂದ ನಿಲ್ದಾಣಕ್ಕೂ ಪಾಣೆಮಂಗಳೂರಿನ ದಂಡೆಗೂ ನೆರಳಿರುವ, ವಾಹನಗಳ ಭಯವಿಲ್ಲದ ಹಾದಿಯೊಂದಾದರೆ, ಅದರ ಬದಿಯ ಬಿಡುನೆಲಗಳಲ್ಲಿ ಏಳುವ ಹೊಸ ಮನೆಗಳು ಊರಿನ ಭಾಗವಾಗುವುವು. ಇಲ್ಲವಾದರೆ ಅವು ಹೆದ್ದಾರಿಯ ಬದಿಯ ಬಿಡಾರಗಳಾಗಿ ಉಳಿಯುವುವು. ಊರುಗಳನ್ನು ದಾರಿಯು ಕಟ್ಟುತ್ತದೆ, ದಾರಿಯೇ ಕೆಡಿಸುತ್ತದೆ ಎಂಬುದು ನೇತ್ರಾವತಿಯ ತೀರದ ಎರಡು ಶತಮಾನಗಳ ಇತಿಹಾಸದಿಂದ ತಿಳಿದುಬರುವ ಮಾತು. ಮುಂದೆ ಆಗಬೇಕಾದ ಮೊದಲ ಕೆಲಸವು, ಆರಿದ ಗೂಡುಗಳ ನೆಲಗಳನ್ನು ಊರೂರಿನಲ್ಲಿಯೂ ಗುರುತಿಸಿ, ಅವುಗಳ ನಡುವೆ ಹಿಂದೆ ಜನರು ನಡೆಯುತ್ತಿದ್ದ ಕಾಲುದಾರಿಗಳನ್ನು ಅವು ಅಳಿಯುವ ಮುನ್ನ ನಕ್ಷೆಗೆ ಇಳಿಸುವುದೇ ಆಗಿದೆ.